ಸೈಕಲ್ ಅಂಗಡಿಯಲ್ಲಿ ಹುಟ್ಟಿದ ವಿಮಾನ: ಓದುಗರ ಪ್ರಶ್ನೆ, ಕಾಕಾನ ಉತ್ತರ

ಕಳೆದ ತಿಂಗಳು ಇಲ್ಲಿ ಸೈಕಲ್ ಚೈನ್ ಬಗ್ಗೆ ಬರೆದಿದ್ದೆ. ನಡುವೆ ಒಂದು ಸಾಲು ಬಂತು: ಮೊದಲ ವಿಮಾನ ಮಾಡಿದ ರೈಟ್ ಸಹೋದರರದ್ದೂ ಸೈಕಲ್ ಅಂಗಡಿಯೇ ಅಂತ. ಇಡೀ ಲೇಖನಕ್ಕಿಂತ ಆ ಒಂದು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಮೆರಿಕದ ಹಳೇ ಬೈಪ್ಲೇನ್‌ಗಳದ್ದೇ ಮಾತು. ಬೈಪ್ಲೇನ್ ಅಂದರೆ ಒಂದರ ಮೇಲೊಂದು ಎರಡು ಅಂತಸ್ತಿನ ರೆಕ್ಕೆ ಇರುವ ವಿಮಾನ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ 36 ವರ್ಷ ಲೇತ್ ಮುಂದೆ, ಅಂದರೆ ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರದ ಮುಂದೆ, ನಿಂತವನು. ವಿಮಾನ ಹಾರಿಸಿದವರಿಗಿಂತ ಅದನ್ನು ಮಾಡಿದ ಕೈಗಳ ಕಡೆಗೇ ನನ್ನ ಮನಸ್ಸು ಎಳೆಯುತ್ತದೆ.

ಕಾಕಾ, ಈಗಿನ ವಿಮಾನಕ್ಕೆ ಒಂದೇ ಅಂತಸ್ತಿನ ರೆಕ್ಕೆ ಸಾಕು. ಆಗ ಎರಡು ಯಾಕೆ ಬೇಕಾಗಿತ್ತು? (ಬಿ.ಎಸ್ಸಿ. ವಿದ್ಯಾರ್ಥಿ, ವಿಜಯಪುರ)

ಎರಡು ಮರದ ಸ್ಕೇಲ್ ತಗೋ ತಮ್ಮಾ. ಒಂದರ ತುದಿ ಹಿಡಿದು ಇನ್ನೊಂದು ತುದಿ ಒತ್ತು. ಬಾಗುತ್ತದೆ. ಈಗ ಒಂದರ ಮೇಲೊಂದು ಹಿಡಿದು ನಡುವೆ ನಾಲ್ಕು ಪೆನ್ಸಿಲ್ ತುಂಡು ಕಂಬದ ಹಾಗೆ ಅಂಟಿಸು. ಆಗಲೂ ಅಲ್ಲಾಡುತ್ತದೆ. ಕೊನೆಗೆ ಕಂಬದಿಂದ ಕಂಬಕ್ಕೆ ಓರೆಯಾಗಿ ಗುಣಿಸುವ ಚಿಹ್ನೆ ಥರ ದಾರ ಬಿಗಿ. ಈಗ ಒತ್ತಿ ನೋಡು, ಬಾಗುವುದಿಲ್ಲ.

ಅಷ್ಟೇ ವಿಷಯ. ಆಗಿನ ಎಂಜಿನ್‌ಗೆ ಶಕ್ತಿ ಕಡಿಮೆ. ಮೆಲ್ಲಗೆ ಹೋಗುವ ವಿಮಾನ ಮೇಲೇಳಬೇಕಾದರೆ ರೆಕ್ಕೆ ದೊಡ್ಡದಿರಬೇಕು, ಆದರೆ ತೂಕ ಇರಬಾರದು. 1903ರ ರೈಟ್ ವಿಮಾನಕ್ಕೆ 510 ಚದರ ಅಡಿ ರೆಕ್ಕೆ ಇತ್ತು. ಇಷ್ಟನ್ನು ತೆಳ್ಳನೆ ಕಟ್ಟಿಗೆಯಲ್ಲಿ ಒಂದೇ ಹಲಗೆಯ ಹಾಗೆ ಮಾಡಿದರೆ ಮುರಿದು ಬೀಳುತ್ತದೆ. ಎರಡಾಗಿ ಮಾಡಿ, ನಡುವೆ ಕಂಬ ಇಟ್ಟು, ತಂತಿ ಬಿಗಿದರೆ ಅದು ಸೇತುವೆ ಆಗುತ್ತದೆ. ಸೇತುವೆ ಅಂತ ಸುಮ್ನೆ ಹೋಲಿಕೆಗೆ ಹೇಳಿದ್ದಲ್ಲ. ಈ ಕಟ್ಟುವಿಕೆಯನ್ನು 1896ರಲ್ಲೇ ಗ್ಲೈಡರ್‌ಗೆ, ಅಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನಕ್ಕೆ, ತಂದವರು ಆಕ್ಟೇವ್ ಶನೂಟ್. ಅವರು ರೈಲು ಸೇತುವೆ ಕಟ್ಟುತ್ತಿದ್ದ ಎಂಜಿನಿಯರ್. ಕಬ್ಬಿಣದ ಹಳೇ ರೈಲು ಸೇತುವೆ ದಾಟುವಾಗ ಕಿಟಕಿಯಿಂದ ಓರೆ ಪಟ್ಟಿಗಳು ಕಾಣುತ್ತವಲ್ಲ, ಅದೇ.

ತೊಂದರೆಯೂ ಇತ್ತು. ಅಷ್ಟೊಂದು ಕಂಬ, ತಂತಿ ಎಲ್ಲಾ ಗಾಳಿಗೆ ಅಡ್ಡ ನಿಲ್ಲುತ್ತವೆ. ಎಂಜಿನ್ ಜೋರಾದಂತೆ, ಲೋಹದ ಗಟ್ಟಿ ರೆಕ್ಕೆ ಮಾಡಲು ಬಂದಂತೆ, ಮೇಲಿನ ಅಂತಸ್ತು ಹೋಯಿತು.

ಸೈಕಲ್ ಅಂಗಡಿಯಲ್ಲಿ ವಿಮಾನದ ಎಂಜಿನ್ ಮಾಡಲು ಸಾಧ್ಯವಾ? ನಮ್ಮ ವರ್ಕ್‌ಶಾಪಿನಲ್ಲಿ ಯಾರೂ ನಂಬುತ್ತಿಲ್ಲ. (ಹೊಸ ಟರ್ನರ್, ಉದ್ಯಮಬಾಗ, ಬೆಳಗಾವಿ)

ನಂಬದವರನ್ನು ಮೊದಲು ನಮ್ಮೂರಿನ ಕಿರ್ಲೋಸ್ಕರ್ ರೋಡಿಗೆ ಕರೆದುಕೊಂಡು ಹೋಗು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆ. ವಿಲ್ಬರ್ ಮತ್ತು ಆರ್ವಿಲ್ ರೈಟ್ ಅಮೆರಿಕದ ಓಹಾಯೊ ರಾಜ್ಯದ ಡೇಟನ್‌ನಲ್ಲಿ ಸೈಕಲ್ ವ್ಯಾಪಾರ ಶುರು ಮಾಡಿದ್ದು 1892ರಲ್ಲಿ, ನಮ್ಮವರಿಗಿಂತ ನಾಲ್ಕು ವರ್ಷ ತಡವಾಗಿ. ಅವರ ವಿಮಾನ ಕಾರ್ಖಾನೆಯ ಮೊದಲ ಕಟ್ಟಡ ಎದ್ದದ್ದೂ 1910ರಲ್ಲೇ.

ಈಗ ಎಂಜಿನ್ ವಿಷಯ. ಅದನ್ನು ಮಾಡಿದ ಕೈ ಅಣ್ಣತಮ್ಮಂದಿರದ್ದಲ್ಲ, ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಅವರದ್ದು. ಕಾರು ಕಂಪನಿಗಳಿಗೆ ಪತ್ರ ಬರೆದರೂ ಬೇಕಾದಷ್ಟು ಹಗುರದ ಎಂಜಿನ್ ಸಿಗಲಿಲ್ಲ. ಸರಿ, ನಾವೇ ಮಾಡೋಣ ಅಂದರು. ಅಂಗಡಿಯಲ್ಲಿ ಇದ್ದದ್ದು ಒಂದು ಲೇತ್, ಒಂದು ಡ್ರಿಲ್ ಪ್ರೆಸ್, ಕೈ ಉಪಕರಣ. ಡ್ರಾಯಿಂಗ್ ಅನ್ನುವಂಥದ್ದೂ ಇರಲಿಲ್ಲ. ಒಂದೊಂದು ಭಾಗದ ಗೀಟು ಚಿತ್ರ ಕಾಗದದ ಚೂರಿನ ಮೇಲೆ ಬರೆಯುವರು. ಟೇಲರ್ ಅದನ್ನು ಬೆಂಚಿನ ಮೇಲಿನ ಮೊಳೆಗೆ ಚುಚ್ಚಿಕೊಂಡು ಕೆಲಸ ಶುರು ಮಾಡುವರು.

ನೀನು ಟರ್ನರ್ ಆದ್ದರಿಂದ ಕ್ರ್ಯಾಂಕ್‌ಶಾಫ್ಟ್ ಕತೆ ಹೇಳಲೇಬೇಕು. ಪಿಸ್ಟನ್ ಹಿಂದೆ ಮುಂದೆ ಓಡುವುದನ್ನು ತಿರುಗುವ ಚಲನೆ ಮಾಡುವ ದಂಡ ಅದು. 31 ಇಂಚು ಉದ್ದ, 6 ಇಂಚು ಅಗಲ, ಒಂದೂವರೆ ಇಂಚಿಗಿಂತ ಸ್ವಲ್ಪ ಹೆಚ್ಚು ದಪ್ಪದ ಟೂಲ್ ಸ್ಟೀಲ್ ಪಟ್ಟಿ. ತೂಕ ಸುಮಾರು 45 ಕಿಲೋ. ಅದರ ಮೇಲೆ ಕ್ರ್ಯಾಂಕಿನ ಆಕಾರ ಗೀಚಿಕೊಂಡರು. ಗೀಟಿನ ಗುಂಟ ಒತ್ತೊತ್ತಾಗಿ ಡ್ರಿಲ್ ಹೊಡೆದರು. ತೂತಿಗೂ ತೂತಿಗೂ ನಡುವೆ ಉಳಿದದ್ದನ್ನು ಚಾಣ, ಸುತ್ತಿಗೆಯಿಂದ ಹೊಡೆದು ಬೀಳಿಸಿದರು. ಆಮೇಲೆ ಲೇತ್ ಮೇಲೆ ಏರಿಸಿ ಜರ್ನಲ್, ಅಂದರೆ ಬೇರಿಂಗ್‌ನಲ್ಲಿ ಕೂರುವ ದುಂಡು ಭಾಗ, ಒಂದೊಂದಾಗಿ ತಿರುಗಿಸಿದರು. ಕೊನೆಗೆ ಕೈಗೆ ಬಂದದ್ದು ಎಂಟೂವರೆ ಕಿಲೋ ಚಿಲ್ಲರೆ. ಮಿಕ್ಕಿದ್ದೆಲ್ಲಾ ಚಿಪ್ಸ್ ಆಗಿ ನೆಲಕ್ಕೆ ಬಿತ್ತು. ಟೂಲ್ ಸ್ಟೀಲ್ ತಿರುಗಿಸುವಾಗ ನೀಲಿಗಟ್ಟಿದ ಚಿಪ್ಸ್ ಸುರುಳಿ ಸುರುಳಿಯಾಗಿ ಬರುತ್ತದೆ, ತೋಳಿಗೆ ತಗಲಿದರೆ ಚುರ್ ಅನ್ನುತ್ತದೆ. ಅಂಥ ಸ್ಟೀಲನ್ನು ಆ ಕಾಲದ ಟೂಲ್ ಬಿಟ್‌ನಲ್ಲಿ ತಿರುಗಿಸಿದ ಕೈಗೆ ನಾನು ಇಲ್ಲಿಂದಲೇ ನಮಸ್ಕಾರ ಮಾಡುತ್ತೇನೆ.

ಎಂಜಿನ್ ಬ್ಲಾಕ್ ಮಾತ್ರ ಡೇಟನ್‌ನದ್ದೇ ಒಂದು ಫೌಂಡ್ರಿಯಲ್ಲಿ ಅಲ್ಯೂಮಿನಿಯಂನಲ್ಲಿ ಎರೆಸಿದ್ದು. ಅದರಲ್ಲಿ ಶೇಕಡಾ 8ರಷ್ಟು ತಾಮ್ರ ಇತ್ತು. ತಾಮ್ರ ಬೆರೆತರೆ ಅಲ್ಯೂಮಿನಿಯಂ ಗಟ್ಟಿಯಾಗುತ್ತದೆ. ಕಾರ್ಬುರೇಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಪೆಟ್ರೋಲ್ ಪಂಪೂ ಇಲ್ಲ. ಮೇಲೆ ಕಟ್ಟಿದ ಸಣ್ಣ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಇಳಿದು ಬರುತ್ತಿತ್ತು, ಎಂಜಿನ್ನಿನ ಬಿಸಿಗೆ ಆವಿಯಾಗಿ ಒಳಗೆ ಹೋಗುತ್ತಿತ್ತು. ನಾಲ್ಕು ಸಿಲಿಂಡರ್, 12 ಅಶ್ವಶಕ್ತಿ. ಆರೇ ವಾರದಲ್ಲಿ ಮುಗಿಸಿದರು. ಅದಕ್ಕೆ ಮುಂಚೆ ಟೇಲರ್ ಕೈ ಹಾಕಿದ್ದು ಒಂದೇ ಒಂದು ಕಾರಿನ ಎಂಜಿನ್ನಿಗೆ, ಅದೂ ರಿಪೇರಿಗೆ.

1903ರ ಫೆಬ್ರವರಿಯಲ್ಲಿ ಎಂಜಿನ್ ಓಡಿತು. ಮರುದಿನವೇ ಬೇರಿಂಗ್ ಹಿಡಿದುಕೊಂಡು ಬ್ಲಾಕ್ ಒಡೆಯಿತು. ಹೊಸ ಕಾಸ್ಟಿಂಗ್ (ಎರಕ) ಬರುವಷ್ಟರಲ್ಲಿ ಏಪ್ರಿಲ್ 20. ಇದನ್ನು ಓದಿದಾಗಲೆಲ್ಲಾ ನನಗೆ ಒಂದು ರಾತ್ರಿ ನೆನಪಾಗುತ್ತದೆ. ಬೆಳಿಗ್ಗೆ ಕೊಡಬೇಕಾದ ಹೌಸಿಂಗ್, ಅಂದರೆ ಯಂತ್ರದ ಹೊರಕವಚ. ಹನ್ನೊಂದು ಗಂಟೆಗೆ ಕಡೆಯ ಕಟ್ ತೆಗೆಯುವಾಗ, ಕೊರೆದ ತೂತಿನ ನಟ್ಟನಡುವೆ ಹೆಸರುಕಾಳಿನಷ್ಟು ದೊಡ್ಡ ಬ್ಲೋ ಹೋಲ್, ಅಂದರೆ ಎರಕದಲ್ಲಿ ಗಾಳಿ ಸಿಕ್ಕಿ ಉಳಿದ ಪೊಳ್ಳು, ಬಾಯಿ ತೆರೆಯಿತು. ನಾಲ್ಕು ದಿನದ ದುಡಿಮೆ ಗುಜರಿಗೆ ಹೋಯಿತು. ಫೌಂಡ್ರಿಯವರು ಕಾಸ್ಟಿಂಗ್ ಬದಲಿಸಿ ಕೊಟ್ಟರು, ಕೂಲಿ ಯಾರೂ ಕೊಡಲಿಲ್ಲ. ಮತ್ತೆ ಮೊದಲಿನಿಂದ ಚಕ್‌ಗೆ ಕಟ್ಟಿದೆ. ಟೇಲರ್ ಕೂಡ ಹಾಗೇ ಕಟ್ಟಿರಬೇಕು, ಅಲ್ವಾ?

ಇನ್ನೊಂದು ಮಾತು, ಸೈಕಲ್ ಅಂಗಡಿಯವರಿಗೆ ಖುಷಿಯಾಗುವಂಥದ್ದು. ಎಂಜಿನ್‌ನಿಂದ ಎರಡು ಪ್ರೊಪೆಲ್ಲರ್‌ಗೆ ಶಕ್ತಿ ಹೋಗುತ್ತಿದ್ದದ್ದು ಚೈನ್ ಮೇಲೆ. ಎರಡೂ ಒಂದೇ ಕಡೆ ತಿರುಗಿದರೆ ವಿಮಾನ ವಾಲುತ್ತದೆ. ಅದಕ್ಕೆ ಒಂದು ಚೈನನ್ನು ಕೊಳವೆಯೊಳಗಿಂದ ಇಂಗ್ಲಿಷಿನ 8ರ ಥರ ಅಡ್ಡ ಹಾಯಿಸಿ ಉಲ್ಟಾ ತಿರುಗಿಸಿದರು. ಪರೀಕ್ಷೆ ಮಾಡುವಾಗ ಚೈನ್ ಕೂರುವ ಹಲ್ಲಿನ ಚಕ್ರ, ಸ್ಪ್ರಾಕೆಟ್, ಸಡಿಲಾಗುತ್ತಿತ್ತು, ಎಷ್ಟು ಬಿಗಿದರೂ ನಿಲ್ಲಲಿಲ್ಲ. ಕೊನೆಗೆ ಸೈಕಲ್ ಟೈರ್ ಅಂಟಿಸುವ ಸಿಮೆಂಟ್ ಕಾಯಿಸಿ ಥ್ರೆಡ್‌ಗೆ ಸುರಿದು ಬಿಗಿದರು. ಆಮೇಲೆ ಅದು ಜಪ್ಪಯ್ಯ ಅನ್ನಲಿಲ್ಲ. 1903ರ ಡಿಸೆಂಬರ್ 17ರಂದು, ಸಮುದ್ರ ದಂಡೆಯ ಮರಳಿನ ಮೇಲೆ, ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ಅದೇ ದಿನದ ನಾಲ್ಕನೆಯದು 59 ಸೆಕೆಂಡ್, 852 ಅಡಿ.

ಟೇಲರ್ ಅವರ ಕೊನೆಗಾಲ ಕಷ್ಟದಲ್ಲಿ ಹೋಯಿತು. 1956ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಮೇ 24ನ್ನು ಅಮೆರಿಕದಲ್ಲಿ ಈಗ ವಿಮಾನ ಮೆಕ್ಯಾನಿಕ್‌ಗಳ ದಿನ ಅಂತ ಆಚರಿಸುತ್ತಾರೆ. ಆ ದಿನ ನಿಮ್ಮ ವರ್ಕ್‌ಶಾಪಿನಲ್ಲೂ ಅವರ ಹೆಸರು ಹೇಳಿ, ತಮ್ಮಾ.

ರೆಕ್ಕೆಗೆ ಬಟ್ಟೆ ಹಾಕುತ್ತಿದ್ದರಂತೆ. ಗಾಳಿಗೆ ಹರಿಯುತ್ತಿರಲಿಲ್ಲವಾ? ಹೊಲಿಯುತ್ತಿದ್ದವರು ಯಾರು? (ಟೇಲರಿಂಗ್ ಮಾಡುವ ಗೃಹಿಣಿ, ಗುಳೇದಗುಡ್ಡ)

ಖಣದ ಊರಿನಿಂದ ಈ ಪ್ರಶ್ನೆ ಬಂದದ್ದು ತುಂಬಾ ಸಂತೋಷ ತಂಗಿ. ಮೊದಲ ವಿಮಾನದ ರೆಕ್ಕೆಗೆ ಹಾಕಿದ್ದು ಹೆಂಗಸರ ಒಳಉಡುಪಿಗೆ ಬಳಸುತ್ತಿದ್ದ ಸಾದಾ ಮಸ್ಲಿನ್ ಹತ್ತಿ ಬಟ್ಟೆ. ಅದನ್ನು ಹಾಕಿದ ರೀತಿ ನಿಮಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ: ಕ್ರಾಸ್ ಕಟಿಂಗ್. ಹಾಸು, ಹೊಕ್ಕು ಎರಡೂ ಎಳೆ ರೆಕ್ಕೆಗೆ ಓರೆಯಾಗಿ ಬರುವಂತೆ ಕೂರಿಸಿದರು. ಆಗ ಒಂದೊಂದು ಎಳೆಯೂ ಓರೆ ತಂತಿಯ ಕೆಲಸ ಮಾಡುತ್ತದೆ, ರೆಕ್ಕೆ ಸೆಟೆದು ನಿಲ್ಲುತ್ತದೆ. ಕ್ರಾಸ್ ಕಟ್ ಬ್ಲೌಸ್ ಯಾಕೆ ಮೈಗೆ ಸರಿಯಾಗಿ ಕೂರುತ್ತದೆ ಅಂತ ನಿಮಗೆ ಗೊತ್ತು, ಅದನ್ನು ನಾನು ಹೇಳಬೇಕಾಗಿಲ್ಲ.

ಹೊಲಿದವರು? ಮೊದಲ ವಿಮಾನಕ್ಕೆ ಅಣ್ಣತಮ್ಮಂದಿರೇ ಮೆಷಿನ್ ತುಳಿದರು. ಕಾರ್ಖಾನೆ ಶುರುವಾದ ಮೇಲೆ ಐಡಾ ಹೋಲ್ಡ್‌ಗ್ರೀವ್ ಬಂದರು. 1910ರಲ್ಲಿ ಪತ್ರಿಕೆಯಲ್ಲಿ 'ಪ್ಲೇನ್ ಹೊಲಿಗೆ'ಗೆ ಜನ ಬೇಕು ಅಂತ ಜಾಹೀರಾತು ಕಂಡಿತು. ಸಾದಾ ಹೊಲಿಗೆ, ನನಗೆ ಬರುತ್ತದೆ ಅಂತ ಹೋದರು. ಅವರಿಗೆ ಬೇಕಾಗಿದ್ದದ್ದು ಏರೋಪ್ಲೇನಿನ ಹೊಲಿಗೆ! ಇಂಗ್ಲಿಷಿನಲ್ಲಿ ಎರಡೂ ಮಾತಿನ ಉಚ್ಚಾರ ಒಂದೇ, ಅಚ್ಚಿನಲ್ಲಿ ಅಕ್ಷರ ಬದಲಾಗಿತ್ತು. ವೇಗದ ಗಾಳಿಗೆ ಹೊಲಿಗೆ ಬಿಚ್ಚದಂತೆ ಬಿಗಿಯಾಗಿ ಹೊಲಿಯುವುದನ್ನು ಅಲ್ಲೇ ಕಲಿತರು. ಆ ಕಾರ್ಖಾನೆಯಿಂದ ಐದಾರು ವರ್ಷದಲ್ಲಿ ಸುಮಾರು 120 ವಿಮಾನ ಹೊರಬಂದವು. ಮೊದಲ ಮಹಾಯುದ್ಧದ ಕಾಲಕ್ಕೆ ಐಡಾ ಡೇಟನ್‌ನ ಇನ್ನೊಂದು ವಿಮಾನ ಕಂಪನಿಯ ಹೊಲಿಗೆ ವಿಭಾಗವನ್ನೇ ನೋಡಿಕೊಳ್ಳುತ್ತಿದ್ದರು. ಅವರು ಸ್ವತಃ ವಿಮಾನ ಹತ್ತಿದ್ದು ಯಾವಾಗ ಗೊತ್ತಾ? 1969ರಲ್ಲಿ, 88ನೇ ವಯಸ್ಸಿನಲ್ಲಿ. ಎಷ್ಟು ಜನರನ್ನು ಹೊತ್ತ ರೆಕ್ಕೆ ಹೊಲಿದ ತಾಯಿ, ತಾವು ಏರಲು ಅಷ್ಟು ವರ್ಷ ಕಾಯಬೇಕಾಯಿತು. ಇದು ನನಗೆ ಬಹಳ ಕಾಡುತ್ತದೆ.

ನೇಕಾರರ ಊರಿಗೆ ಇನ್ನೊಂದು ಸುದ್ದಿ. ಅಮೆರಿಕದಲ್ಲಿ ವಿಮಾನದಲ್ಲಿ ಸಾಗಿಸಿದ ಮೊದಲ ಸರಕು ರೇಷ್ಮೆ ಬಟ್ಟೆ. 1910ರ ನವೆಂಬರ್ 7ರಂದು, ಇದೇ ಕಾರ್ಖಾನೆಯ ಮಾಡೆಲ್ ಬಿ ವಿಮಾನ ಅದನ್ನು ಡೇಟನ್‌ನಿಂದ ಕೊಲಂಬಸ್‌ನ ಅಂಗಡಿಗೆ ಮುಟ್ಟಿಸಿತು.

ರೈಟ್ ಸಹೋದರರು ಕೋರ್ಟು ಕಚೇರಿಯಲ್ಲೇ ಕಾಲ ಕಳೆದರು ಎಂದು ಕೇಳಿದ್ದೇನೆ. ಅಮೆರಿಕದಲ್ಲಿ ಬೇರೆ ತಯಾರಕರು ಇರಲಿಲ್ಲವೇ? (ನಿವೃತ್ತ ಶಿಕ್ಷಕರು, ಜಮಖಂಡಿ)

ಇದ್ದರು ಗುರುಗಳೇ, ದೊಡ್ಡವರೇ ಇದ್ದರು. ಗ್ಲೆನ್ ಕರ್ಟಿಸ್. ಇವರೂ ಸೈಕಲ್ ಅಂಗಡಿಯಿಂದ ಬಂದವರೇ, ನಡುವೆ ಮೋಟರ್‌ಸೈಕಲ್ ಮಾಡಿದರು. 1908ರ ಜುಲೈ 4ರಂದು ಜನರೆಲ್ಲಾ ನೋಡುತ್ತಿರುವಂತೆ ಒಂದು ಕಿಲೋಮೀಟರ್‌ಗೂ ಹೆಚ್ಚು ಹಾರಿ ಬಹುಮಾನ ಗೆದ್ದರು.

ಜಗಳ ಬಂದದ್ದು ವಿಮಾನ ವಾಲಿಸುವ ಉಪಾಯಕ್ಕೆ. ರೈಟ್‌ರು ರೆಕ್ಕೆಯನ್ನೇ ತಿರುಚುತ್ತಿದ್ದರು, 1906ರಲ್ಲಿ ಪೇಟೆಂಟ್ ಸಿಕ್ಕಿತ್ತು. ಕರ್ಟಿಸ್ ಅದರ ಬದಲು ಬಾಗಿಲಿನ ಹಾಗೆ ಮಡಚುವ ಸಣ್ಣ ಪಟ್ಟಿ ಇಟ್ಟರು. ಕೋರ್ಟು 1914ರಲ್ಲಿ ರೈಟ್‌ರ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅಷ್ಟರಲ್ಲಿ ವಿಲ್ಬರ್ ಟೈಫಾಯಿಡ್‌ನಿಂದ ತೀರಿಹೋಗಿದ್ದರು. ಮರುವರ್ಷ ಆರ್ವಿಲ್ ಕಂಪನಿಯನ್ನೇ ಮಾರಿಬಿಟ್ಟರು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸರ್ಕಾರದ ಒತ್ತಾಯಕ್ಕೆ ತಯಾರಕರೆಲ್ಲಾ ಪೇಟೆಂಟ್ ಹಂಚಿಕೊಂಡರು. ಕಂಡುಹಿಡಿದವರಿಗೆ ಹಕ್ಕಿನ ಹಣ ಸಿಗಬೇಕು, ಅದು ನ್ಯಾಯ. ಆದರೆ ವರ್ಕ್‌ಶಾಪಿನಲ್ಲಿ ಕಳೆಯಬೇಕಾದ ವರ್ಷ ವಕೀಲರ ಮುಂದೆ ಹೋದದ್ದು ನನಗೆ ನೋವು ಕೊಡುತ್ತದೆ.

ಕರ್ಟಿಸ್ ಕಂಪನಿಯ ಜೆಎನ್-4 ವಿಮಾನವನ್ನು ಜನ ಪ್ರೀತಿಯಿಂದ ಜೆನ್ನಿ ಅನ್ನುತ್ತಿದ್ದರು. 6,000ಕ್ಕೂ ಹೆಚ್ಚು ತಯಾರಾದವು. ಯುದ್ಧ ಮುಗಿದ ಮೇಲೆ ಮಿಕ್ಕವನ್ನು ಸರ್ಕಾರ ಅಗ್ಗಕ್ಕೆ ಮಾರಿತು. ಅದನ್ನು ಕೊಂಡ ಹುಡುಗರು ಊರೂರು ತಿರುಗಿದರು. ನಮ್ಮಲ್ಲಿ ಜಾತ್ರೆಗೆ ತೊಟ್ಟಿಲು ಬರುವ ಹಾಗೆ ವಿಮಾನ ಬರುತ್ತಿತ್ತು, ಹೊಲದಲ್ಲಿ ಇಳಿಯುತ್ತಿತ್ತು, ದುಡ್ಡು ಕೊಟ್ಟವರನ್ನು ಒಂದು ಸುತ್ತು ಹಾರಿಸುತ್ತಿತ್ತು. 1923ರಲ್ಲಿ 500 ಡಾಲರ್ ಕೊಟ್ಟು ಜೆನ್ನಿ ಕೊಂಡ ಒಬ್ಬ ತರುಣನ ಹೆಸರು ಚಾರ್ಲ್ಸ್ ಲಿಂಡ್‌ಬರ್ಗ್. ನಾಲ್ಕು ವರ್ಷದ ನಂತರ ಒಬ್ಬರೇ ಅಟ್ಲಾಂಟಿಕ್ ದಾಟಿದವರು ಅವರೇ.

ವಿಮಾನಕ್ಕೆ ಯಾವ ಕಟ್ಟಿಗೆ? ಸಾಗವಾನಿ ನಡೆಯುತ್ತದಾ? ಮಗಳ ಶಾಲೆಗೆ ನಾಲ್ಕು ಅಡಿಯ ಮಾದರಿ ಮಾಡಬೇಕು. (ಬಡಿಗ, ಖಾನಾಪುರ, ಬೆಳಗಾವಿ ಜಿಲ್ಲೆ)

ಸಾಗವಾನಿ ಬೇಡ ತಮ್ಮಾ, ಭಾರ. ಅವರು ಬಳಸಿದ್ದು ಸ್ಪ್ರೂಸ್. ಅದು ತಂಪು ಪ್ರದೇಶದ ಮರ. ಎಳೆ ಉದ್ದಕ್ಕೂ ನೇರ, ಗಂಟು ಕಡಿಮೆ, ತೂಕಕ್ಕೆ ಹೋಲಿಸಿದರೆ ಬಲ ಜಾಸ್ತಿ. ಸಿಯಾಟಲ್‌ನ ಕಟ್ಟಿಗೆ ವ್ಯಾಪಾರಿ ವಿಲಿಯಂ ಬೋಯಿಂಗ್ 1916ರಲ್ಲಿ ಮಾಡಿಸಿದ ಮೊದಲ ವಿಮಾನವೂ ಸ್ಪ್ರೂಸ್ ಕಟ್ಟಿಗೆಯ ಬೈಪ್ಲೇನೇ, ನೀರಿನ ಮೇಲೆ ಇಳಿಯುವಂಥದ್ದು. ಯುದ್ಧ ಮುಗಿದು ಆರ್ಡರ್ ನಿಂತಾಗ, ಕೆಲಸಗಾರರು ಮನೆಗೆ ಹೋಗಬಾರದು ಅಂತ ಅದೇ ಕಾರ್ಖಾನೆಯಲ್ಲಿ ಪೀಠೋಪಕರಣ ಮಾಡಿಸಿದರು. ಇವತ್ತಿನ ಬೋಯಿಂಗ್ ಕಂಪನಿಯನ್ನು ಆ ಕಷ್ಟಕಾಲ ದಾಟಿಸಿದ್ದರಲ್ಲಿ ಬಡಿಗರ ಪಾಲೂ ಇದೆ.

ನಿಮ್ಮ ಮಾದರಿಗೆ ಬಿದಿರು ಸಾಕು, ನಿಮ್ಮ ಕಡೆ ಅದಕ್ಕೆ ಬರವಿಲ್ಲ. ತೆಳ್ಳಗೆ ಸೀಳಿ, ದೀಪದ ಬಿಸಿಗೆ ಹಿಡಿದು ರೆಕ್ಕೆಯ ಪಕ್ಕೆಲುಬು ಬಗ್ಗಿಸಿ. ಕಂಬಗಳಿಗೆ ಓರೆಯಾಗಿ ನೂಲು ಕಟ್ಟಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆದರೆ ರೆಕ್ಕೆ ಸೊಟ್ಟಗಾಗುತ್ತದೆ. ಸೈಕಲ್ ರಿಮ್ ಕಟ್ಟುವವರು ಕಡ್ಡಿಯನ್ನು ಬೆರಳಿನಿಂದ ಮೀಟಿ ಕಿವಿಗೊಡುವುದನ್ನು ನೋಡಿದ್ದೀರಲ್ಲ? ಹಾಗೇ ಎರಡೂ ಬದಿಯ ನೂಲನ್ನು ಮಗಳ ಕೈಯಲ್ಲಿ ಮೀಟಿಸಿ. ಒಂದೇ ಸ್ವರ ಬರುವ ತನಕ ಬಿಗಿಯುತ್ತಾ ಹೋಗಿ.