ಟಗ್ ದೋಣಿಯ ಹಿತ್ತಾಳೆ ಸಾಮಾನು: ಒಂದು ಬೆಸುಗೆ ಹಾಕಿದರೆ ಇನ್ನೊಂದು ಬಿಡುತ್ತದೆ!

ಪ್ರಶ್ನೆ: ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿಯ ಮಾದರಿಯನ್ನು 1:32 ಅಳತೆಯಲ್ಲಿ ಮಾಡುತ್ತಿದ್ದೇನೆ. ಮರದ ಒಡಲು ಮುಗಿದಿದೆ. ಮೋಟಾರ್ ಕೂರಿಸಿ ಕೆರೆಯಲ್ಲಿ ಓಡಿಸುವ ಆಸೆ. ಹಗ್ಗ ಸುತ್ತುವ ಗೂಟ, ರೇಲಿಂಗ್, ಚುಕ್ಕಾಣಿ ಇವನ್ನೆಲ್ಲ ಹೊರದೇಶದಿಂದ ತರಿಸಿದರೆ ದೋಣಿಗಿಂತ ಅವಕ್ಕೇ ಜಾಸ್ತಿ ಖರ್ಚು. ಹಿತ್ತಾಳೆಯಲ್ಲಿ ನಾನೇ ಮಾಡೋಣ ಅಂದರೆ ಒಂದು ಕಡೆ ಬೆಸುಗೆ ಹಾಕುವಾಗ ಪಕ್ಕದ್ದು ಬಿಟ್ಟುಕೊಳ್ಳುತ್ತದೆ. ನನ್ನ ಹತ್ತಿರ ಇರುವುದು ರೇಡಿಯೊ ರಿಪೇರಿಯ 25 ವ್ಯಾಟ್ ಸೋಲ್ಡರಿಂಗ್ ಐರನ್. ಏನು ಮಾಡಲಿ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಎಲ್ಲ ಕಡೆಗೂ ಒಂದೇ ಸೋಲ್ಡರ್ ಬಳಸುತ್ತಿದ್ದೀರಿ, ತೊಂದರೆ ಅಲ್ಲೇ ಇದೆ. ರೇಡಿಯೊಗೆ ಬಳಸುವ ತವರ-ಸೀಸದ ಸೋಲ್ಡರ್ ಸುಮಾರು 190 ಡಿಗ್ರಿಗೆ ಕರಗುತ್ತದೆ. ಹಿತ್ತಾಳೆಯಲ್ಲಿ ಬಿಸಿ ಬೇಗ ಹರಡುತ್ತದೆ. ನಿಮ್ಮ 25 ವ್ಯಾಟ್ ಐರನ್ ಒಂದು ಮೂಲೆಯನ್ನು ಕಾಯಿಸಲು ಒದ್ದಾಡುವಷ್ಟರಲ್ಲಿ ತುಂಡು ಪೂರ್ತಿ ಬಿಸಿಯಾಗಿ ಹಳೆಯ ಬೆಸುಗೆಯೂ ಸಡಿಲವಾಗುತ್ತದೆ.

ಮೊದಲು ಸಾಮಾನನ್ನು ಎರಡು ಪಾಲು ಮಾಡಿ. ಎಳೆತ, ತಿರುಚು ತಡೆಯಬೇಕಾದದ್ದು ಒಂದು ಕಡೆ: ಚುಕ್ಕಾಣಿ, ಎಳೆಯುವ ಕೊಕ್ಕೆ, ಹಗ್ಗದ ಗೂಟ. ನೋಟಕ್ಕಷ್ಟೇ ಇರುವುದು ಇನ್ನೊಂದು ಕಡೆ. ಮೊದಲನೆಯದಕ್ಕೆ ಬೆಳ್ಳಿ ಬೆಸುಗೆ, ಎರಡನೆಯದಕ್ಕೆ ತವರದ ಬೆಸುಗೆ. ಒಂದೇ ತುಂಡಿಗೆ ಎರಡೂ ಬೇಕಾದರೆ ಬೆಳ್ಳಿಯದ್ದೇ ಮೊದಲು. ಅದು ಕರಗುವುದು 650–700 ಡಿಗ್ರಿಯ ಆಸುಪಾಸಿನಲ್ಲಿ. ಆಮೇಲೆ ತವರ ಹಾಕುವಾಗ ಅದು ಅಲ್ಲಾಡುವುದಿಲ್ಲ.

ಬೆಳ್ಳಿ ಬೆಸುಗೆಗೆ ಸಣ್ಣ ಗ್ಯಾಸ್ ಟಾರ್ಚ್, ಬೆಂಕಿ ಇಟ್ಟಿಗೆ, ಬಿಳಿಗಾರ ಸಾಕು. ನಿಮ್ಮೂರಿನ ಯಾವುದಾದರೂ ಅಕ್ಕಸಾಲಿಗರ ಪಕ್ಕ ಒಂದು ಗಂಟೆ ಕೂತು ನೋಡಿ, ನಾನು ಬರೆದು ಹೇಳುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಬಿಳಿಗಾರವನ್ನು ನೀರಲ್ಲಿ ತೇದು ಹಚ್ಚುತ್ತಾರೆ, ಬೆಸುಗೆಯ ಚೂರು ಇಡುತ್ತಾರೆ, ಉರಿಯನ್ನು ಚೂರಿಗೆ ತೋರಿಸದೆ ಸುತ್ತಲಿನ ಲೋಹಕ್ಕೆ ತೋರಿಸುತ್ತಾರೆ. ಲೋಹ ಕಾದಾಗ ಬೆಸುಗೆ ತಾನೇ ಸಂದಿಗೆ ಹರಿಯುತ್ತದೆ. ಹರಿದ ಕೂಡಲೇ ಉರಿ ತೆಗೆಯಿರಿ. ಹಿತ್ತಾಳೆಯೇ 900 ಡಿಗ್ರಿ ದಾಟುತ್ತಿದ್ದಂತೆ ಕರಗುತ್ತದೆ, ತೆಳು ತುಂಡು ಕಣ್ಣೆದುರೇ ಕುಸಿದುಬಿಡುತ್ತದೆ. ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ ಬೆಸುಗೆಯನ್ನೇ ಕೇಳಿ ಪಡೆಯಿರಿ. ಕೆಡಿಎಂ ಒಡವೆಗೆ ಹಾಕುತ್ತಿದ್ದ ಕ್ಯಾಡ್ಮಿಯಂ ಇದೆಯಲ್ಲ, ಅದರ ಹೊಗೆ ವಿಷ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ.

ಗೂಟ ಕಡೆಯಲು ಲೇತ್ ಬೇಕೇ ಬೇಕು ಅಂತೇನಿಲ್ಲ. ಗುಜರಿಯಲ್ಲಿ ಹಳೆಯ ರೇಡಿಯೊದ ಎಳೆಯುವ ಆಂಟೆನಾ ಸಿಗುತ್ತದೆ. ಒಂದರೊಳಗೊಂದು ಸೇರುವ ಆ ಕೊಳವೆಗಳು ಸಾಮಾನ್ಯವಾಗಿ ಹಿತ್ತಾಳೆಯವು, ಮೇಲೆ ಹೊಳಪಿನ ಲೇಪ ಇರುತ್ತದೆ. ಆ ಲೇಪಕ್ಕೆ ಬೆಸುಗೆ ಹತ್ತುವುದಿಲ್ಲ, ನೀರು ಹಾಕಿ ಮರಳುಕಾಗದದಿಂದ ಪೂರ್ತಿ ಉಜ್ಜಿ ತೆಗೆಯಿರಿ. ಎರಡು ತುಂಡು ಕತ್ತರಿಸಿ, ಅಡಿಗೆ ಹಿತ್ತಾಳೆ ತಗಡು, ಮೇಲೆ ದುಂಡನೆ ಬಿಲ್ಲೆ ಬೆಸೆದರೆ ಗೂಟ ರೆಡಿ. ಅಡಿ ತಗಡಿನಲ್ಲಿ ಪ್ರತಿ ಕೊಳವೆಗೂ ಒಂದು ಸಣ್ಣ ತೂತು ಮೊದಲೇ ಕೊರೆದಿರಲಿ. ಎರಡೂ ಕಡೆ ಮುಚ್ಚಿದ ಕೊಳವೆಯನ್ನು ಕಾಯಿಸಿದರೆ ಒಳಗಿನ ಗಾಳಿ ಹಿಗ್ಗಿ ಬಿಲ್ಲೆ ಸಿಡಿದು ಮುಖಕ್ಕೆ ಬರಬಹುದು. ಅಚ್ಚುಕಟ್ಟಾಗಿ ಕಡೆದ ಗೂಟವೇ ಬೇಕು ಅನಿಸಿದರೆ, ಲೇತ್ ಯಂತ್ರಗಳಿಗೇ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದದ್ದು ಪಕ್ಕದ ಹರಿಹರದಲ್ಲೇ ಅಲ್ವಾ? ಆ ಕಡೆ ವಿಚಾರಿಸಿದರೆ ಲೇತ್ ಮೇಲೆ ಕೈ ಕುದುರಿದವರು ಸಿಗಬಹುದು. ಚಿತ್ರ ಬರೆದು, ಅಳತೆ ಮಿಲಿಮೀಟರ್‌ನಲ್ಲಿ ಹಾಕಿ ಕೊಡಿ.

ಚುಕ್ಕಾಣಿಗೆ 4 ಮಿ.ಮೀ. ಹಿತ್ತಾಳೆ ಸರಳು, ಅದರ ಎರಡೂ ಬದಿಗೆ ತಗಡು. ತಗಡು ಬಗ್ಗಿಸುವಾಗ ಬಿರುಕು ಬಿಟ್ಟರೆ ಅದು ಪೆಡಸಾಗಿದೆ ಎಂದರ್ಥ. ನೆರಳಿನಲ್ಲಿ ಮಂದ ಕೆಂಪು ಕಾಣುವಷ್ಟು ಕಾಯಿಸಿ ಆರಲು ಬಿಡಿ, ಮೆತ್ತಗಾಗುತ್ತದೆ. ಸರಳು ಹಾದುಹೋಗುವ ಕೊಳವೆಯ ಮೇಲ್ತುದಿ ಒಡಲೊಳಗೆ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಬರಲಿ. ಆಗ ದೋಣಿ ನಿಂತಿರುವಾಗ ವಾಷರ್ ಇಲ್ಲದಿದ್ದರೂ ಅಲ್ಲಿಂದ ನೀರು ಒಳಗೆ ಬರುವುದಿಲ್ಲ. ಕಬ್ಬಿಣದ ಸರಳು ಬೇಡ, ತುಕ್ಕು ಹಿಡಿದು ಕೊಳವೆಯಲ್ಲೇ ಕಚ್ಚಿಕೊಳ್ಳುತ್ತದೆ.

ಇನ್ನು ರೇಲಿಂಗ್. ನಿಜ ಹಡಗಿನಲ್ಲಿ ಅದು ಸಾಮಾನ್ಯವಾಗಿ 1 ಮೀಟರ್ ಎತ್ತರ, ನಿಮ್ಮ ಅಳತೆಗೆ 31 ಮಿ.ಮೀ. ಕಂಬಗಳಿಗೆ ಹಿತ್ತಾಳೆಯ ಸ್ಪ್ಲಿಟ್ ಪಿನ್ ತನ್ನಿ, ಅದರ ತಲೆಯ ಕಣ್ಣಿನಲ್ಲೇ ಮೇಲಿನ ಸರಿಗೆ ಹಾದುಹೋಗುತ್ತದೆ. ಹಲಗೆಯ ಮೇಲೆ ಗೆರೆ ಎಳೆದು, ಎಲ್ಲ ಕಂಬಗಳನ್ನೂ ಮೊಳೆಗಳ ನಡುವೆ ಸಿಕ್ಕಿಸಿ, 60 ವ್ಯಾಟ್ ಅಥವಾ ಅದಕ್ಕಿಂತ ದೊಡ್ಡ ಐರನ್‌ನಿಂದ ತವರ ಹಾಕಿ. ಪಕ್ಕದ ಬೆಸುಗೆಯ ಮೇಲೆ ಒದ್ದೆ ಬಟ್ಟೆಯ ಚೂರು ಇಟ್ಟರೆ ಅದು ಬಿಡುವುದಿಲ್ಲ. ಬೆಸುಗೆ ಹತ್ತಲೆಂದು ಆಸಿಡ್ ಫ್ಲಕ್ಸ್ ಹಚ್ಚಿದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಹಸಿರು ಕಿಲುಬು ಏಳುತ್ತದೆ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಭಾರ. ಮಾಸ್ಟ್ (ದೋಣಿಯ ಎತ್ತರದ ಕಂಬ), ಮೇಲಂತಸ್ತಿನ ರೇಲಿಂಗ್ ಎಲ್ಲವನ್ನೂ ಹಿತ್ತಾಳೆಯಲ್ಲೇ ಮಾಡಿದರೆ ತಲೆಭಾರವಾಗಿ ದೋಣಿ ಮಗುಚಬಹುದು. ನನ್ನ ಮಾತು ಕೇಳುವುದಾದರೆ ಮಾಸ್ಟ್‌ಗೆ ಬಿದಿರು ಕಡ್ಡಿ ಸಾಕು. ಬಣ್ಣ ಬಳಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಹಿತ್ತಾಳೆ ಸಾಮಾನಿನ ಮೇಲೆ ಬಳಿದ ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ. ಯಾಕೆ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಹೊಳೆಯುವ ಹಿತ್ತಾಳೆಗೆ ಬಣ್ಣ ಕಚ್ಚುವುದಿಲ್ಲ. ಬೆರಳಿನ ಜಿಡ್ಡು ಇದ್ದರಂತೂ ಕೇಳಲೇಬೇಡಿ. ಹುಣಸೆಹಣ್ಣು ಅಥವಾ ನಿಂಬೆ ಉಪ್ಪಿನ ನೀರಲ್ಲಿ ಉಜ್ಜಿ ತೊಳೆದು ಒಣಗಿಸಿ, 400 ನಂಬರ್ ಮರಳುಕಾಗದದಿಂದ ಹೊಳಪು ಹೋಗುವಷ್ಟು ತಿಕ್ಕಿ. ಆಮೇಲೆ ಕೈಯಲ್ಲಿ ಮುಟ್ಟದೆ ಇಕ್ಕಳದಲ್ಲಿ ಹಿಡಿದು ಎಚ್ ಪ್ರೈಮರ್ (etch primer, ಲೋಹಕ್ಕೆ ಕಚ್ಚಿಕೊಳ್ಳುವ ಮೊದಲ ಲೇಪ) ಹೊಡೆಯಿರಿ. ಕಾರಿಗೆ ಪೇಂಟ್ ಮಾಡುವವರ ಹತ್ತಿರ ಕೇಳಿ ನೋಡಿ. ಪ್ರೈಮರ್ ತೆಳುವಾಗಿರಲಿ, ದಪ್ಪವಾದರೆ ಸಣ್ಣ ಸಾಮಾನಿನ ಅಂಚುಗಳೆಲ್ಲ ಮುಚ್ಚಿಹೋಗುತ್ತವೆ.