ವಿಸಿಟ್ ವೀಸಾದಲ್ಲಿ ಬಂದು ನೋಡೋಣ ಅಂದುಕೊಳ್ಳಬೇಡ, ತಂಗಿ

ಪೆರ್ಲದಿಂದ ನೀನು ಬರೆದದ್ದನ್ನು ಓದಿದೆ. ಅಕ್ಕ ಎಂದು ಕರೆದಿದ್ದೀಯ, ಈಗ ಜರ್ಮನಿಯಲ್ಲಿದ್ದರೂ ನಾನೂ ಬದಿಯಡ್ಕ ಕಡೆಯವಳು. ಹಾಗಾಗಿ ನೀನು ಎಂದೇ ಬರೆಯುತ್ತೇನೆ. ನೀನು ಹೇಳಿದ್ದು ಇಷ್ಟು. ವಯಸ್ಸು 26. ಮಂಗಳೂರಿನಲ್ಲಿ ಬಿ.ಇ. ಮುಗಿಸಿ ಮೂರು ವರ್ಷ ಸಾಫ್ಟ್‌ವೇರ್ ಕೆಲಸ ಆಗಿದೆ. ಜರ್ಮನಿಯಲ್ಲಿ ಒಂದು ವರ್ಷ ಇದ್ದು ನೋಡುವ ಆಸೆ. ಕೆಲಸ ಸಿಕ್ಕಿದರೆ ನಿಲ್ಲುವುದು, ಸಿಗದಿದ್ದರೆ ಊರಿಗೆ ವಾಪಸ್. ದುಬೈಯಲ್ಲಿರುವ ನಿನ್ನ ಮಾವ, ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಬದಲಾಯಿಸಿಕೊಂಡರಾಯಿತು ಎನ್ನುತ್ತಾರೆ. ಅದು ಸರಿಯಾ, ಎಷ್ಟು ದುಡ್ಡು ತೋರಿಸಬೇಕು, ನಮ್ಮ ಕಾಸರಗೋಡಿನ ಕಾಗದಗಳಿಂದ ತೊಂದರೆ ಆಗುತ್ತದಾ ಎಂದು ಕೇಳಿದ್ದೀಯ.

ಮಾವ ಹೇಳಿದ್ದು ದುಬೈ ಮಟ್ಟಿಗೆ ಸರಿ. ನಮ್ಮೂರಿನ ಎಷ್ಟೋ ಜನ ಹಾಗೇ ಹೋದವರು. ವಿಸಿಟ್‌ನಲ್ಲಿ ಹೋಗುವುದು, ಪರಿಚಯದವರ ರೂಮಿನಲ್ಲಿ ಇರುವುದು, ಇಂಟರ್‌ವ್ಯೂ ಕೊಡುವುದು, ಕಂಪನಿ ಸಿಕ್ಕಿದರೆ ಅವರೇ ವೀಸಾ ಮಾಡಿಸುವುದು. ಜರ್ಮನಿಯಲ್ಲಿ ಆ ದಾರಿ ಇಲ್ಲ. ಇಲ್ಲಿಗೆ ಬರುವ ವಿಸಿಟ್ ವೀಸಾ ಎಂದರೆ ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವಂಥದ್ದು. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು, ಕೆಲಸ ಮಾಡುವಂತಿಲ್ಲ. ಬಂದ ಮೇಲೆ ಯಾವುದಾದರೂ ಕಂಪನಿ ಕೆಲಸ ಕೊಡುತ್ತೇನೆ ಎಂದರೂ ನೀನು ಭಾರತಕ್ಕೆ ವಾಪಸ್ ಹೋಗಿ, ಅಲ್ಲಿಂದಲೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು. ಅಮೆರಿಕ, ಕೆನಡಾ, ಜಪಾನ್, ಆಸ್ಟ್ರೇಲಿಯದಂಥ ಕೆಲವು ದೇಶದವರು ವೀಸಾ ಇಲ್ಲದೆ ಬಂದು ಇಲ್ಲಿಯೇ ಪರ್ಮಿಟ್ ಕೇಳಬಹುದು. ಅವರ ಅನುಭವವನ್ನು ಯೂಟ್ಯೂಬಿನಲ್ಲಿ ನೋಡಿ ನಮಗೂ ಹಾಗೇ ಎಂದುಕೊಳ್ಳುವವರು ತುಂಬಾ ಜನ. ಭಾರತದ ಪಾಸ್‌ಪೋರ್ಟಿಗೆ ಆ ಸೌಲಭ್ಯ ಇಲ್ಲ.

ನಮ್ಮ ಕಡೆಯ ಹುಡುಗನೊಬ್ಬ ಹೀಗೇ ವಿಸಿಟ್‌ನಲ್ಲಿ ಬಂದಿದ್ದ. ಬುದ್ಧಿವಂತ. ಕಂಪನಿಯವರಿಗೆ ಇಷ್ಟವೂ ಆದ. ಆದರೆ ಅವನು ಊರಿಗೆ ಹೋಗಿ ವೀಸಾ ಮಾಡಿಸಿ ಬರುವ ತನಕ ಅವರು ಕಾಯಲಿಲ್ಲ. ಟಿಕೆಟ್, ವಸತಿ, ಮೂರು ತಿಂಗಳ ಖರ್ಚು ಎಲ್ಲವೂ ಮನೆಯವರು ಕೊಟ್ಟ ದುಡ್ಡು. ಇನ್ನೂ ಒಂದು ಮಾತು. ವಿಸಿಟ್ ವೀಸಾಕ್ಕೆ ಅರ್ಜಿ ಹಾಕುವಾಗ ನೋಡಿಕೊಂಡು ವಾಪಸ್ ಬರುತ್ತೇನೆ ಎಂದು ಬರೆದು ಸಹಿ ಮಾಡುತ್ತೀಯ. ಮನಸ್ಸಿನಲ್ಲಿ ಬೇರೆ ಇಟ್ಟುಕೊಂಡು ಹಾಗೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಅದು ಗೊತ್ತಾದರೆ ಮುಂದಿನ ಅರ್ಜಿಗೂ ಪೆಟ್ಟು.

ನೀನು ಹೇಳುವಂಥ ಒಂದು ವರ್ಷಕ್ಕೆಂದೇ ಈಗ ಒಂದು ದಾರಿ ಇದೆ. ಹೆಸರು ಚಾನ್ಸೆನ್‌ಕಾರ್ಟೆ, ಅಂದರೆ ಅವಕಾಶದ ಕಾರ್ಡು. 2024ರ ಜೂನ್ 1ರಿಂದ ಜಾರಿಗೆ ಬಂತು. ಕೆಲಸದ ಆಫರ್ ಇಲ್ಲದೆಯೂ ಬಂದು, ಹೆಚ್ಚೆಂದರೆ ಒಂದು ವರ್ಷ ಇದ್ದು ಕೆಲಸ ಹುಡುಕಬಹುದು. ಹುಡುಕುತ್ತಾ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು. ಕಂಪನಿಯೊಂದರಲ್ಲಿ ಎರಡು ವಾರದ ತನಕ ಪ್ರಯೋಗಕ್ಕೆ ಕೆಲಸ ಮಾಡಿ ತೋರಿಸಲೂಬಹುದು.

ಇದಕ್ಕೆ ಎರಡು ಬಾಗಿಲು. ನಿನ್ನ ಡಿಗ್ರಿಯನ್ನು ಜರ್ಮನಿ ಪೂರ್ತಿ ಒಪ್ಪಿದರೆ ಪಾಯಿಂಟ್ ಲೆಕ್ಕವೇ ಬೇಡ. ಅದಕ್ಕೆ ಅನಾಬಿನ್ ಎಂಬ ಸರ್ಕಾರಿ ಡೇಟಾಬೇಸ್ ನೋಡಬೇಕು. ಯುನಿವರ್ಸಿಟಿಯ ಹೆಸರಿನ ಮುಂದೆ ಎಚ್ ಪ್ಲಸ್, ಅಂದರೆ ಮಾನ್ಯತೆ ಇದೆ ಎಂಬ ಗುರುತು ಇರಬೇಕು, ಜೊತೆಗೆ ನಿನ್ನ ಡಿಗ್ರಿ ಇಲ್ಲಿಯ ಡಿಗ್ರಿಗೆ ಸಮ ಎಂದೂ ಇರಬೇಕು. ಎರಡನ್ನೂ ನೋಡು, ಒಂದನ್ನು ನೋಡಿ ಖುಷಿಪಡಬೇಡ. ಅಲ್ಲಿ ಸಿಗದಿದ್ದರೆ 208 ಯೂರೋ ಕೊಟ್ಟು ಜರ್ಮನಿಯ ಜೆಡ್‌ಎಬಿ ಕಚೇರಿಯಿಂದ ಡಿಗ್ರಿಯ ಮೌಲ್ಯಮಾಪನ ಪತ್ರ ತರಿಸಿಕೊಳ್ಳಬಹುದು.

ಇನ್ನೊಂದು ಬಾಗಿಲು ಪಾಯಿಂಟಿನದು. ಕಡಿಮೆ ಎಂದರೆ ಆರು ಬೇಕು. ಅದಕ್ಕೂ ಮೊದಲು, ನಿನ್ನ ಡಿಗ್ರಿಗೆ ನಮ್ಮ ದೇಶದ ಮಾನ್ಯತೆ ಇರಬೇಕು, ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಸರ್ಟಿಫಿಕೇಟ್ ಇರಬೇಕು. ಇವು ಭಾಷೆಯ ಮಟ್ಟಗಳು, ಎ1 ಆರಂಭದ್ದು, ಸಿ2 ಕೊನೆಯದು. ನಿನ್ನ ಲೆಕ್ಕ ನಾನೇ ಹಾಕಿದೆ. ವಯಸ್ಸು 35 ದಾಟಿಲ್ಲ, ಅದಕ್ಕೆ ಎರಡು. ಕಳೆದ ಐದು ವರ್ಷಗಳಲ್ಲಿ ಓದಿಗೆ ಸಂಬಂಧಪಟ್ಟ ಎರಡು ವರ್ಷದ ಅನುಭವ, ಅದಕ್ಕೆ ಎರಡು. ಐಟಿ ಇಲ್ಲಿ ಜನ ಸಾಲದ ಕ್ಷೇತ್ರ, ಒಂದು. ಇಲ್ಲಿಗೆ ಐದು ಆಯಿತು. ಇಂಗ್ಲಿಷ್ ಸಿ1 ಪರೀಕ್ಷೆ ಪಾಸಾದರೆ ಒಂದು. ಜರ್ಮನ್ ಎ2 ಆದರೆ ಇನ್ನೊಂದು, ಬಿ1 ಆದರೆ ಎರಡು.

ಕಾಗದದ ಮೇಲೆ ಎ1 ಸಾಕು ಎಂದಿರಬಹುದು. ನನ್ನನ್ನು ಕೇಳಿದರೆ ಬಿ1 ಆಗದೆ ವಿಮಾನ ಹತ್ತಬೇಡ. ಭಾಷೆ ಬರದೆ ಬಂದವರ ಮೊದಲ ಆರು ತಿಂಗಳು ಕ್ಲಾಸಿನಲ್ಲೇ ಹೋಗುತ್ತದೆ, ಉಳಿದ ಆರು ತಿಂಗಳು ಕೆಲಸ ಹುಡುಕಲು ಸಾಲುವುದಿಲ್ಲ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು, ಕೊಚ್ಚಿ, ತಿರುವನಂತಪುರಗಳಲ್ಲಿ ಗ್ಯೊಥೆ ಜೆಂಟ್ರುಮ್ ಇದೆ, ಆನ್‌ಲೈನ್ ಕ್ಲಾಸೂ ಸಿಗುತ್ತದೆ. ಹೆದರಬೇಡ. ಮನೆಯಲ್ಲಿ ಒಂದು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳ. ಹೀಗೆ ಬೆಳೆದವರು ನಾವು. ಮಲಯಾಳದ ಅರ್ಜಿ ಹಿಡಿದುಕೊಂಡು ವಿಲೇಜ್ ಆಫೀಸಿನಲ್ಲಿ ನಿಂತು, ಅರ್ಥವಾಗದ್ದನ್ನು ಕೇಳಿ ಕೇಳಿ ತುಂಬಿಸಿದ ಅಭ್ಯಾಸ ನಿನಗೂ ಇರುತ್ತದೆ ಅಲ್ವಾ? ಇಲ್ಲಿಯ ಕಚೇರಿಗಳಲ್ಲಿ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಈಗ ದುಡ್ಡಿನ ವಿಷಯ. 2025ರ ಲೆಕ್ಕದಲ್ಲಿ ಚಾನ್ಸೆನ್‌ಕಾರ್ಟೆಗೆ ತಿಂಗಳಿಗೆ 1,091 ಯೂರೋ ತೋರಿಸಬೇಕು. ಒಂದು ವರ್ಷಕ್ಕೆ 13,092. ಈ ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವ ದಿನ ಕಾನ್ಸುಲೇಟಿನ ಪಟ್ಟಿಯಲ್ಲಿ ಇರುವುದೇ ಲೆಕ್ಕ. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ 13 ಲಕ್ಷ ದಾಟಿತು. ಸಂಬಂಧಿಕರ ದುಡ್ಡನ್ನು ಒಂದು ತಿಂಗಳು ಖಾತೆಯಲ್ಲಿ ಇಟ್ಟು, ಸ್ಟೇಟ್‌ಮೆಂಟ್ ತೆಗೆದು ವಾಪಸ್ ಕೊಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ದುಡ್ಡು ಬ್ಲಾಕ್ಡ್ ಅಕೌಂಟಿಗೆ ಹೋಗಿ ಕೂರುತ್ತದೆ. ನೀನು ಇಲ್ಲಿಗೆ ಬಂದು ಸಾಮಾನ್ಯ ಖಾತೆ ತೆರೆದ ಮೇಲೆ ತಿಂಗಳಿಗೆ ಇಷ್ಟು ಎಂದು ಅದರಿಂದ ಬರುತ್ತದೆ. ದುಡ್ಡು ನಿನ್ನದೇ, ಆದರೆ ಒಟ್ಟಿಗೆ ಕೈಗೆ ಸಿಗುವುದಿಲ್ಲ.

ಏಜೆಂಟರು ಹೇಳದೆ ಬಿಡುವ ಇನ್ನೊಂದು ಖರ್ಚು ಇದೆ. ಭಾರತದಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಹೊರಗೆ ಕಳಿಸಿದರೆ, ಹತ್ತರ ಮೇಲಿನ ಮೊತ್ತಕ್ಕೆ ಬ್ಯಾಂಕಿನವರು ಶೇ. 20 ಟಿಸಿಎಸ್, ಅಂದರೆ ಮೊದಲೇ ವಸೂಲಿ ಮಾಡುವ ತೆರಿಗೆ ಹಿಡಿಯುತ್ತಾರೆ. ಓದಿಗೆ, ಚಿಕಿತ್ಸೆಗೆ ಕಳಿಸುವುದಾದರೆ ದರ ಕಡಿಮೆ, ಕೆಲಸ ಹುಡುಕುವುದು ಅದರಲ್ಲಿ ಸೇರುವುದಿಲ್ಲ. ನಿನ್ನ ಲೆಕ್ಕದಲ್ಲಿ 60 ಸಾವಿರದ ಮೇಲೆ ಆಗುತ್ತದೆ. ರಿಟರ್ನ್ ಫೈಲ್ ಮಾಡಿದಾಗ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ, ಆದರೆ ಕಳಿಸುವ ದಿನ ಕೈಯಲ್ಲಿ ಇರಬೇಕಲ್ಲ. ಸಾಧ್ಯವಾದರೆ ಸ್ವಲ್ಪ ಮಾರ್ಚಿನಲ್ಲಿ, ಉಳಿದದ್ದು ಏಪ್ರಿಲಿನಲ್ಲಿ ಕಳಿಸು.

ಇಲ್ಲಿರುವ ಗೆಳತಿ ಜವಾಬ್ದಾರಿ ಪತ್ರ ಕೊಡುತ್ತಾಳೆ, ಆಗ ದುಡ್ಡು ಬೇಡ ಎಂದೂ ಬರೆದಿದ್ದೀಯ. ಆ ದಾರಿ ಇದೆ, ನಿಜ. ಆದರೆ ಅದು ಸುಮ್ನೆ ಒಂದು ಕಾಗದ ಅಲ್ಲ. ನಿನಗೆ ಸರ್ಕಾರ ಏನಾದರೂ ಖರ್ಚು ಮಾಡಬೇಕಾಗಿ ಬಂದರೆ ಅವಳಿಂದ ವಸೂಲಿ ಮಾಡುತ್ತಾರೆ, ಐದು ವರ್ಷದ ತನಕ. ಸ್ನೇಹದ ಮೇಲೆ ಅಷ್ಟು ಭಾರ ಹಾಕಬೇಡ. ಹಾಗೆಯೇ ಅಪ್ಪನ ಅಡಿಕೆ ತೋಟದ ಮೇಲೆ ಸಾಲ ತೆಗೆದು ಬರುವ ಯೋಚನೆಯನ್ನೂ ಬಿಟ್ಟುಬಿಡು. ಇದು ಹುಡುಕಾಟದ ವರ್ಷ, ಸಂಬಳದ ವರ್ಷ ಅಲ್ಲ. ಇನ್ನೊಂದು ವರ್ಷ ಮಂಗಳೂರಿನಲ್ಲೇ ದುಡಿದು, ಅಷ್ಟರಲ್ಲಿ ಭಾಷೆಯನ್ನೂ ಕಲಿತು ಬಂದರೆ ನಿನಗೂ ನೆಮ್ಮದಿ, ಮನೆಯವರಿಗೂ ನೆಮ್ಮದಿ.

ಕಾಗದಗಳ ಬಗ್ಗೆ. ಕಾಸರಗೋಡಿನವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ ಹೋಗುತ್ತದೆ. ಕರ್ನಾಟಕ, ಕೇರಳ ಎರಡೂ ಅದರ ಕೆಳಗೆ ಬರುತ್ತವೆ, ಹಾಗಾಗಿ ವಿಳಾಸ ಕೇರಳ, ಕೆಲಸ ಮಂಗಳೂರು ಎಂಬ ಚಿಂತೆ ನಿನಗೆ ಬೇಡ. ನಮ್ಮವರ ನಿಜವಾದ ತೊಂದರೆ ಹೆಸರಿನದು. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್, ಡಿಗ್ರಿಯಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ. ಊರಿನ ಹೆಸರೂ ಒಂದೊಂದು ಕಡೆ ಒಂದೊಂದು ತರ, ಒಂದು ಕಡೆ ಮಂಜೇಶ್ವರ, ಇನ್ನೊಂದು ಕಡೆ ಮಂಜೇಶ್ವರಂ. ಪಾಸ್‌ಪೋರ್ಟ್ ಮತ್ತು ಡಿಗ್ರಿಯಲ್ಲಿ ಹೆಸರು ಒಂದೇ ತರ ಇರುವ ಹಾಗೆ ಈಗಲೇ ಸರಿ ಮಾಡಿಸು. ಸರ್‌ನೇಮ್ ಖಾಲಿ ಇದ್ದರೆ ಅದನ್ನೂ ತುಂಬಿಸು, ಇಲ್ಲದಿದ್ದರೆ ಬ್ಯಾಂಕು, ಇನ್ಶೂರೆನ್ಸು, ಟಿಕೆಟು ಎಲ್ಲ ಕಡೆ ವಿವರಣೆ ಕೊಡುತ್ತಾ ಇರಬೇಕಾಗುತ್ತದೆ. ಗಲ್ಫಿಗೆ ಹೋಗುವಾಗ ಕೇರಳ ಸರ್ಕಾರದ ನೋರ್ಕಾ ಕಚೇರಿಯಲ್ಲಿ ಮಾಡಿಸುವ ಸರ್ಟಿಫಿಕೇಟ್ ಅಟೆಸ್ಟೇಶನ್ ಈ ಅರ್ಜಿಗೆ ಬೇಕಾಗಿಲ್ಲ. ಬೇಕು ಎಂದು ಯಾರಾದರೂ ದುಡ್ಡು ಕೇಳಿದರೆ ಕಾನ್ಸುಲೇಟಿನ ಪಟ್ಟಿಯಲ್ಲಿ ಎಲ್ಲಿದೆ ತೋರಿಸಿ ಎಂದು ಕೇಳು.

ಅರ್ಜಿಯನ್ನು ಜರ್ಮನ್ ವಿದೇಶಾಂಗ ಇಲಾಖೆಯ ಕಾನ್ಸುಲರ್ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬೇಕು, ಶುಲ್ಕ 75 ಯೂರೋ. ಅಕ್ಷಯ ಕೇಂದ್ರದಲ್ಲಿ ಕೂತು ಬೇರೆಯವರಿಂದ ತುಂಬಿಸಬೇಡ, ನಿನಗೆ ಓದಲು ಬರೆಯಲು ಬರುತ್ತದೆ, ನೀನೇ ತುಂಬಿಸು. ಮೊದಲು ತಿರಸ್ಕಾರ ಆದರೆ ಕಾನ್ಸುಲೇಟಿಗೇ ಮೇಲ್ಮನವಿ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನ ಕೋರ್ಟಿಗೆ ಹೋಗಬೇಕು. ಹಾಗಾಗಿ ಮೊದಲ ಸಲವೇ ಗಟ್ಟಿಯಾಗಿ ಬರೆಯಬೇಕು. ಉದ್ದೇಶದ ಪತ್ರದಲ್ಲಿ ಜರ್ಮನಿಯ ಪ್ರಕೃತಿ, ಸಂಸ್ಕೃತಿ ಎಂದೆಲ್ಲ ಹೊಗಳುವುದು ಬೇಡ. ಯಾವ ಕೆಲಸ ಗೊತ್ತು, ಯಾವ ಊರಿನಲ್ಲಿ ಆ ಕೆಲಸ ಜಾಸ್ತಿ ಇದೆ, ಯಾವ ಕಂಪನಿಗಳಿಗೆ ಈಗಾಗಲೇ ಬರೆದಿದ್ದೀಯ, ಒಂದು ವರ್ಷದಲ್ಲಿ ಆಗದಿದ್ದರೆ ಏನು ಮಾಡುತ್ತೀಯ, ಅಷ್ಟನ್ನು ನಿನ್ನದೇ ಮಾತಿನಲ್ಲಿ ಬರೆ. ನನಗೆ ಬರೆದ ಹಾಗೇ ಬರೆದರೂ ಸಾಕು, ಅದು ಚೆನ್ನಾಗಿತ್ತು.

ಬಂದ ಮೇಲಿನದ್ದು ಚುಟುಕಾಗಿ ಹೇಳುತ್ತೇನೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ನೋಂದಣಿಗೆ ಬಿಡದ ರೂಮು ಎಷ್ಟು ಅಗ್ಗವಾದರೂ ಹಿಡಿಯಬೇಡ. ಡಿಪಾಸಿಟ್ ಮೂರು ತಿಂಗಳ ಬಾಡಿಗೆಯ ತನಕ ಕೇಳಬಹುದು, ಅದನ್ನು ಬ್ಲಾಕ್ಡ್ ಅಕೌಂಟಿನ ಹೊರಗೆ ಇಟ್ಟುಕೊಂಡಿರು. ರೂಮು ನೋಡದೆ ಯಾರಿಗೂ ದುಡ್ಡು ಹಾಕಬೇಡ. ಆರೋಗ್ಯ ವಿಮೆ ಮಾಡಿಸುವಾಗ ಪ್ರವಾಸಿಗರದ್ದು ಸಾಲದು, ಈ ವೀಸಾಕ್ಕೆ ಆಗುತ್ತದಾ ಎಂದು ಕೇಳಿಯೇ ತೆಗೆದುಕೊ. ಕುಚ್ಚಲಕ್ಕಿ ತಮಿಳರ ಅಂಗಡಿಗಳಲ್ಲಿ ಸಿಗುತ್ತದೆ, ಪೆಟ್ಟಿಗೆಯಲ್ಲಿ ತುಂಬಿಸಿ ತರಬೇಡ. ಚಳಿ ತಡೆಯಬಹುದು. ನವೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾಗುವುದು ಹೊಸಬರಿಗೆ ಕಷ್ಟ. ಸಾಧ್ಯವಾದರೆ ಮಾರ್ಚ್ ಹೊತ್ತಿಗೆ ಬರುವ ಹಾಗೆ ನೋಡಿಕೊ.

ಈ ವಾರ ಎರಡೇ ಕೆಲಸ ಮಾಡು. ಅನಾಬಿನ್‌ನಲ್ಲಿ ನಿನ್ನ ಯುನಿವರ್ಸಿಟಿ, ಡಿಗ್ರಿ ಎರಡರ ಪುಟವನ್ನೂ ತೆಗೆದು ನನಗೆ ಕಳಿಸು, ನೋಡಿ ಹೇಳುತ್ತೇನೆ. ಆಫೀಸಿನಲ್ಲಿ ಅನುಭವ ಪತ್ರ ಕೇಳು, ಹುದ್ದೆ, ತಾರೀಕು, ಮಾಡಿದ ಕೆಲಸ ಮೂರೂ ಅದರಲ್ಲಿ ಇರಲಿ. ವೀಸಾ ಕೈಗೆ ಬರುವ ತನಕ ರಾಜೀನಾಮೆ ಮಾತ್ರ ಕೊಡಬೇಡ.