ಕಾಲೇಜು ದಿನಗಳ ಯೂಸರ್‌ನೇಮನ್ನು ಈಗ ಬದಲಿಸಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನೀವು ಉಡುಪಿಯವರು, ಕಾಲೇಜಿನಲ್ಲಿದ್ದಾಗ ನಿಮ್ಮ ಹೆಸರಿಗೆ ಹುಟ್ಟಿದ ವರ್ಷವನ್ನು ಜೋಡಿಸಿ ಒಂದು ಯೂಸರ್‌ನೇಮ್ ಮಾಡಿಕೊಂಡು, ಅದರಲ್ಲೇ ಇನ್‌ಸ್ಟಾಗ್ರಾಂ, ಎಕ್ಸ್, ಯೂಟ್ಯೂಬ್ ಮತ್ತು ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗಳಲ್ಲಿ ಯಕ್ಷಗಾನದ ಫೋಟೋ, ವಿಡಿಯೊಗಳನ್ನು ಹಾಕುತ್ತ ಬಂದಿದ್ದೀರಿ. ಈಗ ರಂಗಪ್ರವೇಶ, ಮದುವೆಗಳ ಫೋಟೋ ತೆಗೆಯಲು ಕರೆ ಬರತೊಡಗಿರುವುದರಿಂದ ಆ ಹೆಸರು ಹುಡುಗಾಟಿಕೆಯದೆಂದು ತೋರುತ್ತಿದ್ದು, 'ಉಡುಪಿ', 'ಯಕ್ಷಗಾನ' ಎರಡೂ ಇರುವ ಹೊಸ ಹೆಸರಿಗೆ ಎಲ್ಲ ಕಡೆಯೂ ಒಂದೇ ದಿನ ಬದಲಾಗಬಹುದೇ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಸಣ್ಣ ಅಂಗಡಿಗಳ, ಸಂಘಗಳ ವೆಬ್‌ಸೈಟ್ ಮತ್ತು ಜಾಲತಾಣದ ಖಾತೆಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗವಾದ್ದರಿಂದ ಈ ಪ್ರಶ್ನೆ ನನಗೆ ಹೊಸದಲ್ಲ. ಬದಲಾಯಿಸಿ, ಆದರೆ ಒಂದೇ ದಿನ ಬೇಡ, ಆ ಹೊಸ ಹೆಸರೂ ಬೇಡ. ಹೊಸ ಹೆಸರಿನ ಅಂದಕ್ಕೆ ಕೊಡುವ ಯೋಚನೆಗಿಂತ ಹೆಚ್ಚಿನದನ್ನು ನೀವು ಬಿಟ್ಟುಹೋಗುವ ಹೆಸರು ಯಾರ ಪಾಲಾಗುತ್ತದೆ ಎಂಬುದಕ್ಕೆ ಕೊಡಬೇಕೆಂದು ನನ್ನ ಅಭಿಪ್ರಾಯ.

ಹಳೆಯ ಹೆಸರು ಹುಡುಗಾಟಿಕೆಯದು ಎಂಬ ಕಾರಣ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಕೆಲಸ ಚೆನ್ನಾಗಿದ್ದರೆ ಜನರು ಎಂಥ ಹೆಸರನ್ನೂ ಒಪ್ಪಿಕೊಳ್ಳುತ್ತಾರೆ. ನನ್ನನ್ನು ಕಾಡುವುದು ಅದರಲ್ಲಿರುವ ವರ್ಷ. ಆಧಾರ್ ಕಾರ್ಡನ್ನು ಡೌನ್‌ಲೋಡ್ ಮಾಡಿದಾಗ ಸಿಗುವ ಪಿಡಿಎಫ್ ಕಡತದ ಪಾಸ್‌ವರ್ಡ್ ಏನೆಂದು ನಿಮಗೆ ಗೊತ್ತೇ ಇರುತ್ತದೆ: ಕಾರ್ಡಿನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ದೊಡ್ಡಕ್ಷರದಲ್ಲಿ, ಅದರ ಬೆನ್ನಿಗೆ ಹುಟ್ಟಿದ ವರ್ಷದ ನಾಲ್ಕು ಅಂಕಿಗಳು. ಆ ಕಡತವನ್ನು ನಾವು ಲಾಡ್ಜಿಗೆ ಇಮೇಲ್ ಮಾಡುತ್ತೇವೆ, ಬಾಡಿಗೆ ಮನೆಯ ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡುತ್ತೇವೆ, ಪ್ರಿಂಟ್ ತೆಗೆಸಲು ಹೋದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅಳಿಸದೆ ಬಿಟ್ಟೂ ಬರುತ್ತೇವೆ. ಅದನ್ನು ತೆರೆಯಲು ಬೇಕಾದ ಎರಡೂ ಭಾಗಗಳನ್ನು ನಿಮ್ಮ ಯೂಸರ್‌ನೇಮ್ ಪ್ರತಿ ಫೋಟೋದ ಕೆಳಗೂ ಪ್ರಕಟಿಸುತ್ತಿದೆ. ಬದಲಾವಣೆಗೆ ಇಷ್ಟು ಕಾರಣ ಸಾಕು.

ಬದಲಾಯಿಸಿದರೆ ಹಿಂಬಾಲಕರು ಹೋಗಿಬಿಡುತ್ತಾರೆಂಬ ನಿಮ್ಮ ಭಯಕ್ಕೆ ಮಾತ್ರ ಆಧಾರವಿಲ್ಲ. ಈ ಸೇವೆಗಳೆಲ್ಲ ಪ್ರತಿ ಖಾತೆಯನ್ನೂ ಒಳಗೆ ಬೇರೊಂದು ಗುರುತಿನಿಂದ ಹಿಡಿದಿಟ್ಟುಕೊಂಡಿರುತ್ತವೆ. ಯೂಸರ್‌ನೇಮ್ ಎನ್ನುವುದು ಅದರ ಮೇಲಿನ ಹಲಗೆ ಮಾತ್ರ. 2014ರ ನವೆಂಬರ್ 1ರಂದು ನಮ್ಮ ನಗರದ ಇಂಗ್ಲಿಷ್ ಹೆಸರು ಮ್ಯಾಂಗಲೋರ್ ಹೋಗಿ ಮಂಗಳೂರು ಆದರೂ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೊರಟ ಸೂಟ್‌ಕೇಸಿನ ಚೀಟಿಯಲ್ಲಿ ಇಂದಿಗೂ ಐಎಕ್ಸ್‌ಇ ಎಂಬ ಹಳೆಯ ಸಂಕೇತವೇ ಇದ್ದು, ಸಾಮಾನು ತಪ್ಪದೆ ಬಂದು ತಲುಪುವುದೂ ಇದೇ ಬಗೆಯಲ್ಲಿ. ಹೀಗಾಗಿ ಹಿಂಬಾಲಕರು, ಸಂದೇಶಗಳು, ಹಾಕಿದ ಚಿತ್ರಗಳು ಎಲ್ಲವೂ ಉಳಿಯುತ್ತವೆ. ಯೂಸರ್‌ನೇಮಿನ ಜೊತೆಗೆ ಪ್ರೊಫೈಲಿನಲ್ಲಿ ಕಾಣುವ ಪ್ರದರ್ಶನ ಹೆಸರು ಬೇರೆಯೇ ಇರುತ್ತದೆ ಎಂಬುದನ್ನೂ ಗಮನಿಸಿ. ಅದನ್ನು ಕನ್ನಡದಲ್ಲಿಯೇ ಬರೆಯಬಹುದು. ಇನ್‌ಸ್ಟಾಗ್ರಾಂನಲ್ಲಿ 14 ದಿನಗಳಲ್ಲಿ ಎರಡು ಸಲ ಬದಲಿಸಲು ಅವಕಾಶವಿದೆ. ಮೊದಲು ಅದನ್ನು ಬದಲಿಸಿ ಕೆಲವು ವಾರ ಹಾಗೆಯೇ ಬಿಡಿ. ವರ್ಷದ ತೊಡಕಿಲ್ಲದ ಎಷ್ಟೋ ಜನರಿಗೆ ಇಷ್ಟರಿಂದಲೇ ಕೆಲಸ ಮುಗಿಯುತ್ತದೆ.

ಮುರಿಯುವುದು ಲಿಂಕುಗಳು. ಹಳೆಯ ಹೆಸರಿನ ಪ್ರೊಫೈಲ್ ವಿಳಾಸ, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾದದ್ದು, ಕಲಾವಿದರು ನಿಮ್ಮ ಚಿತ್ರವನ್ನು ಹಂಚಿಕೊಳ್ಳುವಾಗ 'ಫೋಟೋ ಕೃಪೆ' ಎಂದು ಟೈಪ್ ಮಾಡಿದ್ದು, ಎಲ್ಲಕ್ಕಿಂತ ಮುಖ್ಯವಾಗಿ ನೀವೇ ಚಿತ್ರಗಳ ಮೂಲೆಯಲ್ಲಿ ಹಾಕಿದ ವಾಟರ್‌ಮಾರ್ಕ್. ಉಳಿದವನ್ನು ತಿದ್ದಿಸಬಹುದು, ವಾಟರ್‌ಮಾರ್ಕನ್ನು ಯಾರೂ ತಿದ್ದಲಾರರು. ನಿಮ್ಮ ಒಂದು ಬಣ್ಣದ ವೇಷದ ಫೋಟೋ ಎಷ್ಟು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಎಷ್ಟು ಆಟದ ಕರಪತ್ರಗಳಲ್ಲಿ ಸುತ್ತುತ್ತಿದೆಯೋ ಹೇಳಲಾಗದು. ಅದನ್ನು ನೋಡಿ ನಿಮ್ಮನ್ನು ಹುಡುಕುವವರು ಹಳೆಯ ಹೆಸರನ್ನೇ ಟೈಪ್ ಮಾಡುತ್ತಾರೆ. ಆಗ ಅಲ್ಲಿ ಏನೂ ಸಿಗದಿದ್ದರೆ ನಷ್ಟ ಚಿಕ್ಕದು. ಬೇರೆ ಯಾರೋ ಆ ಹೆಸರನ್ನು ತೆಗೆದುಕೊಂಡು, ನಿಮ್ಮದೇ ನಾಲ್ಕು ಚಿತ್ರಗಳನ್ನು ಹಾಕಿಕೊಂಡು, ಮದುವೆ ಫೋಟೋಗಳಿಗೆಂದು ಯುಪಿಐಯಲ್ಲಿ ಮುಂಗಡ ಕೇಳತೊಡಗಿದರೆ ಮಾತು ಬೇರೆ. ಇದು ಕೇವಲ ಕಲ್ಪನೆಯ ಭಯವಲ್ಲ. 2013ರಲ್ಲಿ ಯಾಹೂ ಸಂಸ್ಥೆಯು ಒಂದು ವರ್ಷಕ್ಕೂ ಮೀರಿ ಬಳಕೆಯಾಗದ ಐಡಿಗಳನ್ನು ಬೇರೆಯವರಿಗೆ ಹಂಚಿದಾಗ, ಹೊಸಬರಿಗೆ ಹಳಬರ ಖಾಸಗಿ ಪತ್ರಗಳು ಬಂದು ಬಿದ್ದವು.

ಆದ್ದರಿಂದ ಹಳೆಯ ಹೆಸರನ್ನು ಖಾಲಿ ಬಿಡಬೇಡಿ. ಖಾತೆಯ ಹೆಸರು ಬದಲಿಸಿದ ಮೇಲೆ, ಹಳೆಯ ಹೆಸರು ಬಿಡುಗಡೆಯಾದ ಕೂಡಲೇ ನೀವೇ ಅದರಲ್ಲಿ ಎರಡನೆಯ ಖಾತೆಯೊಂದನ್ನು ತೆರೆದು, ಒಂದೇ ಒಂದು ಚಿತ್ರ ಹಾಕಿ, ಹೊಸ ವಿಳಾಸವನ್ನು ಬರೆದಿಡಿ. ವರ್ಷ ಅಲ್ಲಿ ಉಳಿದೇ ಉಳಿಯುತ್ತದಲ್ಲ ಎಂದು ನೀವು ಕೇಳಬಹುದು; ಉಳಿಯುತ್ತದೆ, ಆದರೆ ದಿನವೂ ಹೊಸಬರ ಕಣ್ಣಿಗೆ ಬೀಳುವುದಿಲ್ಲ. ಪರರ ಕೈಗೆ ಹೋಗುವುದಕ್ಕಿಂತ ಅದು ವಾಸಿ. ಯೂಟ್ಯೂಬ್ ಹಳೆಯ ಹ್ಯಾಂಡಲನ್ನು 14 ದಿನ ನಿಮ್ಮ ಹೆಸರಿನಲ್ಲಿಯೇ ಕಾದಿಟ್ಟು, ಆ ಅವಧಿಯಲ್ಲಿ ಎರಡೂ ಲಿಂಕುಗಳು ಕೆಲಸ ಮಾಡುವಂತೆ ನೋಡಿಕೊಳ್ಳುತ್ತದೆ. ಎಲ್ಲ ಸೇವೆಗಳೂ ಇಷ್ಟು ಉದಾರವಲ್ಲವಾದ್ದರಿಂದ ಒಂದೊಂದಾಗಿ, ನಡುವೆ ಒಂದೆರಡು ವಾರ ಬಿಟ್ಟು ಮಾಡಿ. ಕಾಯ್ದಿಟ್ಟ ಖಾತೆಗಳಿಗೆ ಆಗಾಗ ಲಾಗಿನ್ ಆಗುತ್ತಿರಬೇಕು. ಬಹುಕಾಲ ಬಳಸದ ಖಾತೆಯನ್ನು ತೆಗೆದುಹಾಕುವ ನಿಯಮ ಹಲವು ಸೇವೆಗಳಲ್ಲಿದೆ.

ಬದಲಾವಣೆಗೆ ತಕ್ಕ ಸಮಯವನ್ನು ಯಕ್ಷಗಾನ ಮೇಳಗಳ ತಿರುಗಾಟವೇ ನಿಮಗೆ ಹೇಳಿಕೊಡುತ್ತದೆ. ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಿಮ್ಮನ್ನು ಟ್ಯಾಗ್ ಮಾಡುವವರೂ ಹುಡುಕುವವರೂ ಕಡಿಮೆಯಾಗುತ್ತಾರೆ. ಮಳೆಗಾಲದಲ್ಲಿಯೂ ಸಭಾಂಗಣಗಳಲ್ಲಿ ಆಟ, ತಾಳಮದ್ದಳೆ ನಡೆಯುತ್ತವೆಂಬುದು ನಿಜ, ಆದರೂ ರಾತ್ರಿಗೊಂದು ಬಯಲಾಟ ಎನ್ನುವ ಭರಾಟೆ ಇರುವುದಿಲ್ಲ. ಪತ್ತನಾಜೆಯ ನಂತರ ಆರಂಭಿಸಿ ದೀಪಾವಳಿಯೊಳಗೆ ಮುಗಿಸಿದರೆ, ಮೇಳಗಳು ಮತ್ತೆ ಹೊರಡುವಾಗ ಹೊಸ ವಾಟರ್‌ಮಾರ್ಕಿನ ಚಿತ್ರಗಳೇ ಹರಿದಾಡತೊಡಗುತ್ತವೆ.

ಇನ್ನು ಹೊಸ ಹೆಸರು. 'ಉಡುಪಿ'ಯನ್ನೂ 'ಯಕ್ಷಗಾನ'ವನ್ನೂ ಸೇರಿಸಿದರೆ ಅದು ಒಬ್ಬ ವ್ಯಕ್ತಿಯ ಹೆಸರಾಗಿ ಕೇಳಿಸದೆ ಸಂಸ್ಥೆಯ ಹೆಸರಾಗಿ ಕೇಳಿಸುತ್ತದೆ. ಇಂದ್ರಾಳಿಯ ಯಕ್ಷಗಾನ ಕೇಂದ್ರಕ್ಕೆ ಮಕ್ಕಳನ್ನು ಸೇರಿಸಬೇಕೆನ್ನುವವರು ನಿಮಗೆ ಸಂದೇಶ ಕಳುಹಿಸುತ್ತಾರೆ. ನಾಳೆ ನೀವು ಮದುವೆಯ ಚಿತ್ರ ಹಾಕಿದರೆ ಯಕ್ಷಗಾನದ ಪುಟದಲ್ಲಿ ಇದೇಕೆ ಎನ್ನುವವರೂ ಇರುತ್ತಾರೆ. ಮೇಲಾಗಿ ಇವೆರಡು ಸೇರಿದರೆ ಇಂಗ್ಲಿಷಿನಲ್ಲಿ ಸರಿಯಾಗಿ 15 ಅಕ್ಷರಗಳಾಗುತ್ತವೆ, ಎಕ್ಸ್‌ನ ಮಿತಿಯೂ 15. 'ಫೋಟೋ' ಎಂಬುದನ್ನು ಸೇರಿಸಲು ಜಾಗವೇ ಉಳಿಯುವುದಿಲ್ಲ. ಇನ್‌ಸ್ಟಾಗ್ರಾಂ 30 ಅಕ್ಷರಗಳವರೆಗೆ ಬಿಡುತ್ತದೆ, ನಡುವೆ ಚುಕ್ಕಿಯನ್ನೂ ಒಪ್ಪುತ್ತದೆ, ಆದರೆ ಎಕ್ಸ್‌ನಲ್ಲಿ ಚುಕ್ಕಿಗೆ ಅವಕಾಶವಿಲ್ಲವಾದ್ದರಿಂದ ಚುಕ್ಕಿಯ ಹೆಸರು ಅಲ್ಲಿಗೆ ಹೋಗಲಾರದು. ಅಂಡರ್‌ಸ್ಕೋರ್ ಎರಡರಲ್ಲೂ ನಡೆಯುತ್ತದೆಯಾದರೂ ಲಿಂಕಿನ ಅಡಿಗೆರೆಯಲ್ಲಿ ಮರೆಯಾಗುತ್ತದೆ, ಫೋನಿನಲ್ಲಿ ಹೇಳುವಾಗಲಂತೂ ಕೇಳುವವರ ತಾಳ್ಮೆ ಪರೀಕ್ಷಿಸುತ್ತದೆ. ನಿಮ್ಮ ಸ್ವಂತ ಹೆಸರು, ಅದರ ಹಿಂದೆ ಅಥವಾ ಮುಂದೆ ಒಂದು ಚಿಕ್ಕ ಪದ, ಬರಿಯ ಅಕ್ಷರಗಳು: ನಾನಾದರೆ ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ.

ಪದವನ್ನು ಆರಿಸುವಾಗ ನಮ್ಮ ಕಡೆಯ ಇಂಗ್ಲಿಷ್ ಬರವಣಿಗೆಯ ಚಾಳಿಯನ್ನು ನೆನಪಿಡಿ. 'ತ' ಅಕ್ಷರಕ್ಕೆ ಕೆಲವರು ಬರಿಯ ಟಿ ಹಾಕುತ್ತಾರೆ, ಹಲವರು ಟಿ ಎಚ್ ಹಾಕುತ್ತಾರೆ. ಯಕ್ಷಗಾನದ ತೆಂಕಣ ಶೈಲಿಯನ್ನು ಹೇಳುವ 'ತೆಂಕುತಿಟ್ಟು' ಎಂಬ ಒಂದು ಮಾತನ್ನು ಎಷ್ಟು ಬಗೆಯಲ್ಲಿ ಬರೆಯಬಹುದೆಂದು ಲೆಕ್ಕ ಹಾಕಿ ನೋಡಿ. ದೀರ್ಘ ಸ್ವರಗಳದ್ದೂ ಇದೇ ಪಾಡು. ಆಯ್ದ ಹೆಸರನ್ನು ಫೋನಿನಲ್ಲಿ ನಿಮ್ಮ ಸೋದರಮಾವನಿಗೋ ಮೇಳದ ಒಬ್ಬ ಕಲಾವಿದರಿಗೋ ಒಮ್ಮೆ ಹೇಳಿ, ಅಕ್ಷರ ಬಿಡಿಸಿ ಹೇಳದೆ, ಬರೆದು ಕಳುಹಿಸಲು ಕೇಳಿ. ಅವರು ಸರಿಯಾಗಿ ಬರೆದರೆ ಆ ಹೆಸರನ್ನು ಇಟ್ಟುಕೊಳ್ಳಬಹುದು.

ಕಾಮನ್ಸ್‌ನ ವಿಷಯ ಸ್ವಲ್ಪ ಬೇರೆ. ಅಲ್ಲಿ ಹೆಸರನ್ನು ನೀವೇ ಬದಲಿಸಲಾಗುವುದಿಲ್ಲ. ಕೋರಿಕೆ ಸಲ್ಲಿಸಿದರೆ ಆ ಅಧಿಕಾರವುಳ್ಳ ಸ್ವಯಂಸೇವಕರು ಬದಲಿಸಿಕೊಡುತ್ತಾರೆ. ವಿಕಿಮೀಡಿಯದ ಎಲ್ಲ ತಾಣಗಳಿಗೂ ಖಾತೆ ಒಂದೇ ಆದ್ದರಿಂದ ಕನ್ನಡ ವಿಕಿಪೀಡಿಯದಲ್ಲಿಯೂ, 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯದಲ್ಲಿಯೂ ಹೆಸರು ಒಟ್ಟಿಗೇ ಬದಲಾಗುತ್ತದೆ, ನಿಮ್ಮ ಹಿಂದಿನ ಸಂಪಾದನೆಗಳು ಹೊಸ ಹೆಸರಿಗೆ ಸೇರುತ್ತವೆ. ಆದರೆ ಚಿತ್ರದ ಪುಟದಲ್ಲಿ ಛಾಯಾಗ್ರಾಹಕರ ಹೆಸರೆಂದು ಟೈಪ್ ಮಾಡಿದ ಸಾಲೂ ಹಳೆಯ ಚರ್ಚೆಗಳ ಕೆಳಗಿನ ಸಹಿಗಳೂ ಬರಿಯ ಪಠ್ಯವಾದ್ದರಿಂದ ತಾವಾಗಿ ಬದಲಾಗವು. ಅಲ್ಲಿ ಕನ್ನಡ ಲಿಪಿಯ ಯೂಸರ್‌ನೇಮ್ ಇಟ್ಟುಕೊಳ್ಳುವ ಆಸೆಯಿದ್ದರೆ ಇಟ್ಟುಕೊಳ್ಳಬಹುದು; ಅಂಕಿ ಮಾತ್ರ ಬೇಡ, ಏಕೆಂದರೆ ಕನ್ನಡದ ಸೊನ್ನೆ '೦' ಮತ್ತು ಅನುಸ್ವಾರ ಕಣ್ಣಿಗೆ ಒಂದೇ ಆಗಿದ್ದರೂ ಕಂಪ್ಯೂಟರಿಗೆ ಬೇರೆ ಬೇರೆ.

ಇಮೇಲ್ ವಿಳಾಸವೂ ಅದೇ ಹಳೆಯ ಹೆಸರಿನಲ್ಲಿದೆ ಎಂದಿದ್ದೀರಿ. ಅದನ್ನು ಮುಚ್ಚಬೇಡಿ. ಹೊಸ ವ್ಯವಹಾರಕ್ಕೆ ಹೊಸ ವಿಳಾಸ ಮಾಡಿಕೊಂಡರೂ ಪಾಸ್‌ವರ್ಡ್ ಮರೆತಾಗ ಬರುವ ಸಂದೇಶಗಳು ಹಳೆಯದಕ್ಕೇ ಹೋಗುವಂತೆ ಎಷ್ಟು ಖಾತೆಗಳಲ್ಲಿ ಬರೆದಿಟ್ಟಿದ್ದೀರೋ ನಿಮಗೇ ನೆನಪಿರಲಾರದು. ಎರಡು ವರ್ಷ ಬಳಸದಿದ್ದರೆ ಗೂಗಲ್ ಖಾತೆಯನ್ನು ಅಳಿಸುವ ನಿಯಮವಿರುವುದರಿಂದ ನಡುನಡುವೆ ಅದನ್ನು ತೆರೆದು ನೋಡುತ್ತಿರಿ. ಯೂಟ್ಯೂಬ್ ಚಾನಲ್ ಇರುವುದೂ ಅದೇ ಖಾತೆಯಲ್ಲಾದರೆ ಈ ಮಾತು ಇನ್ನೂ ಮುಖ್ಯ.